ಪಾಪಾಸುಕಳ್ಳಿ ಯಾವೂರಿನದು?

ಕಳೆದ ವರ್ಷ ಆಫೀಸಿನ ಕೆಫೆಟೇರಿಯಾದಲ್ಲಿ ಒಂದು ಜಗಳ ಆಯ್ತು. ಜಗಳ ಅಂದ್ರೆ ನಮ್ಮ ಐಟಿಯವರ ಜಗಳ. ಯಾರೂ ಕೈ ಎತ್ತಲ್ಲ, ಫೋನ್ ಎತ್ತಿ ಲಿಂಕ್ ತೋರಿಸ್ತಾರೆ. ವಿಷಯ ಇಸ್ರೇಲ್. ಒಬ್ಬನ ಪ್ರಕಾರ ಯಹೂದಿಗಳೇ ಆ ನೆಲದ ಮೂಲನಿವಾಸಿಗಳು. ಶಾಸನ, ನಾಣ್ಯ, ಗೋಡೆ ಎಲ್ಲಾ ಸಾಕ್ಷಿ ಇದೆ. ಇನ್ನೊಬ್ಬಳ ಪ್ರಕಾರ ಪ್ಯಾಲೆಸ್ತೀನಿಯರೇ ಮೂಲದವರು. ಉಳಿದವರೆಲ್ಲ ಯುರೋಪಿನಿಂದ ಹಡಗು ಹತ್ತಿ ಬಂದವರು. ಇಬ್ಬರೂ ಒಂದು ಸಲವೂ ಆ ಕಡೆ ಹೋದವರಲ್ಲ. ಸಾರು ತಣ್ಣಗಾಯ್ತು. ಮಾತು ಬದಲಿಸೋಕೆ ಅಂತ ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿ ನನ್ನ ಕಡೆ ತಿರುಗಿ, "ನಿಮ್ಮ ನೇಟಿವ್ ಯಾವ್ದು ಸರ್?" ಅಂದಳು.

"ಭದ್ರಾವತಿ ಹತ್ರ."

"ಓ, ಮೂಲ ಅಲ್ಲೇನಾ?"

ಈ ಪ್ರಶ್ನೆ ನನಗೆ ಇವತ್ತಿಗೂ ಕಷ್ಟ. ನಾನು ಹುಟ್ಟಿದ್ದು ಭದ್ರಾವತಿ ಕಡೆಯ ಕಾಡಂಚಿನ ಹಳ್ಳಿಯಲ್ಲಿ. ಹೈಸ್ಕೂಲು ಓದಿದ್ದು ಕಾಗದನಗರದಲ್ಲಿ. ಅಜ್ಜ ಹುಟ್ಟಿದ ಊರು ಮಾತ್ರ ಶರಾವತಿಯ ಹಿನ್ನೀರಿನ ಅಡಿ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವಷ್ಟರಲ್ಲಿ ಅಜ್ಜ ಪಾತ್ರೆ ಪಗಡದ ಜೊತೆ ಲಾರಿ ಹತ್ತಿ ಈ ಕಡೆ ಬಂದಾಗಿತ್ತು. ನಮ್ಮ ಹಳ್ಳಿಗೆ ದಾಖಲೆಯಲ್ಲಿ ಒಂದು ಹೆಸರಿದೆ. ಸುತ್ತಲಿನವರು ಕರೆಯೋದು ಮಾತ್ರ 'ಮುಳುಗಡೆಯವರ ಕೇರಿ' ಅಂತಲೇ. ಅರವತ್ತು ವರ್ಷ ಕಳೆದರೂ ನಾವು ಅಲ್ಲಿ 'ಬಂದವರು'. ಹಾಗಾಗಿ "ಮೂಲ ಅಲ್ಲೇನಾ" ಅಂದ್ರೆ ಹೌದು ಅಂದರೂ ಪೂರ್ತಿ ನಿಜ ಅಲ್ಲ, ಅಲ್ಲ ಅಂದರೂ ಅಲ್ಲ. ಅವತ್ತು ಸುಮ್ನೆ "ಹೂಂ" ಅಂದು ಮೊಸರನ್ನ ಕಲಸಿಕೊಂಡೆ.

ಆದರೆ ಆ "ಹೂಂ" ತಲೆಯಲ್ಲೇ ಕೂತುಬಿಟ್ಟಿತು. ಆ ವಾರ ರಾತ್ರಿಗಳಲ್ಲಿ ಎರಡು ಕೆಲಸ ಮಾಡಿದೆ. ಗಿರೀಶ್ ಕಾಸರವಳ್ಳಿಯವರ 'ದ್ವೀಪ' ಸಿನಿಮಾವನ್ನ ಮತ್ತೆ ನೋಡಿದೆ. ಎಸ್. ಯಿಝ್ಹಾರ್ ಎಂಬ ಇಸ್ರೇಲಿ ಲೇಖಕನ 'ಖಿರ್ಬೆತ್ ಖಿಝೆ' ಎಂಬ ಸಣ್ಣ ಕಾದಂಬರಿಯನ್ನ ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಒಂದು ನಮ್ಮ ಜಿಲ್ಲೆಯದ್ದು, ಇನ್ನೊಂದು ಹೀಬ್ರೂ ಭಾಷೆಯದ್ದು. ಎರಡರಲ್ಲೂ ಜನ ತಮ್ಮ ಊರು ಬಿಡ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ನನಗೆ ಕಂಡಿದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು 'ದ್ವೀಪ'. ಮೂಲ ಕಾದಂಬರಿ ನಾ. ಡಿಸೋಜ ಅವರದ್ದು. ಸಾಗರದಲ್ಲಿ ಹುಟ್ಟಿದ ಡಿಸೋಜ ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿದವರು. ಊರು ಮುಳುಗೋದನ್ನ ಅವರು ನೋಡಿದ್ದು ಮುಳುಗಿಸುವ ಇಲಾಖೆಯ ಮೇಜಿನ ಮೇಲಿಂದ. ಆ ಅನುಭವ ಅವರನ್ನ ಬರೆಯೋಕೆ ಕೂರಿಸಿತು, ಕೊನೆವರೆಗೂ ಬಿಡಲಿಲ್ಲ. ಸಿನಿಮಾ ಬಂದಿದ್ದು 2002ರಲ್ಲಿ. ಸೌಂದರ್ಯ ನಿರ್ಮಾಪಕಿಯೂ ಹೌದು, ನಾಗಿಯ ಪಾತ್ರವೂ ಅವರದ್ದೇ. ರಾಷ್ಟ್ರಪ್ರಶಸ್ತಿಯಲ್ಲಿ ಸ್ವರ್ಣಕಮಲ ಬಂತು.

ಕಥೆ ನಿಮಗೆ ಗೊತ್ತಿರಬಹುದು. ನೀರು ಏರ್ತಾ ಇದೆ. ಊರವರು ಪರಿಹಾರ ತಗೊಂಡು ಒಬ್ಬೊಬ್ಬರಾಗಿ ಹೊರಡ್ತಾರೆ. ಗುಡ್ಡದ ದೇವಸ್ಥಾನದ ಪೂಜೆ, ನೇಮ ನಡೆಸಿಕೊಂಡು ಬಂದ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ ಮಾತ್ರ ಉಳೀತಾರೆ. ಸರ್ಕಾರದ ಲೆಕ್ಕಕ್ಕೆ ಬರೋದು ಜಮೀನು. ದುಗ್ಗಜ್ಜನ ಹತ್ರ ಇದ್ದಿದ್ದು ಜಮೀನಿಗಿಂತ ಹೆಚ್ಚಾಗಿ ಗೌರವ. ಕಷ್ಟ ಬಂದಾಗ ಜನ ಅವನ ಹತ್ರ ಬರ್ತಿದ್ರು, ಅವನು ದೇವರ ಮುಂದೆ ನಿಂತು ಉತ್ತರ ಕೊಡ್ತಿದ್ದ. ಇದಕ್ಕೆ ಎಕರೆಗೆ ಇಷ್ಟು ಅಂತ ದರ ಹಾಕೋದು ಹೇಗೆ?

ನನ್ನ ಮಟ್ಟಿಗೆ ಈ ಸಿನಿಮಾದ ದೊಡ್ಡ ಶಕ್ತಿ ಇದೇ. ದುಗ್ಗಜ್ಜ ಆ ನೆಲದವನು ಅನ್ನೋದಕ್ಕೆ ಸಾಕ್ಷಿ ಮಣ್ಣಿನಲ್ಲಿಲ್ಲ, ಸುತ್ತಲಿನ ಜನರ ಬಾಯಲ್ಲಿತ್ತು. ಜನ ಹೋದ ದಿನ ಅವನು ಅಲ್ಲೇ ಇದ್ದೂ ಪರದೇಶಿ ಆಗಿಬಿಟ್ಟ. ಕಾಸರವಳ್ಳಿ ಇದನ್ನ ಭಾಷಣ ಮಾಡಿ ಹೇಳಲ್ಲ. ಖಾಲಿ ಅಂಗಳ ತೋರಿಸ್ತಾರೆ, ಮಳೆ ಸುರಿಸ್ತಾರೆ, ಸಾಕು. ಕೊನೆಗೆ ಇಡೀ ರಾತ್ರಿ ನೀರಿನ ಜೊತೆ ಗುದ್ದಾಡಿ ಮನೆ ಉಳಿಸಿದ್ದು ನಾಗಿ. ಬೆಳಿಗ್ಗೆ ಅದರ ಪುಣ್ಯ ದೇವರ ಖಾತೆಗೆ ಹೋಗುತ್ತೆ. ಒಂದು ಜಾಗವನ್ನ ದಿನಾ ಕೈಯಾರೆ ಊರಾಗಿ ಇಟ್ಟವರು ಯಾರು, 'ಇದು ನಮ್ಮ ಊರು' ಅನ್ನುವ ಮಾತು ಯಾರ ಹೆಸರಲ್ಲಿ ನಡೆಯುತ್ತೆ, ಈ ಎರಡರ ನಡುವಿನ ಅಂತರವನ್ನ ಅಷ್ಟು ಚೆನ್ನಾಗಿ ತೋರಿಸಿದ ಕನ್ನಡ ಸಿನಿಮಾ ನಾನು ಬೇರೆ ನೋಡಿಲ್ಲ.

ಆದರೆ ತಕರಾರೂ ಇದೆ. ಊರು ಅಂದ್ರೆ ಒಂದು ಗುಡಿ, ಒಂದು ಅರ್ಚಕರ ಮನೆ ಅಂತ ಸಿನಿಮಾ ಗಟ್ಟಿಯಾಗಿ ಹಿಡಿದುಬಿಡುತ್ತೆ. ಶರಾವತಿ ಕಣಿವೆಯಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದ ಸಾವಿರಾರು ಜನ ಇದ್ದರು. 1951ರ ಕಾಗೋಡು ಸತ್ಯಾಗ್ರಹ ನಡೆದಿದ್ದು ಅದೇ ಸಾಗರ ಸೀಮೆಯಲ್ಲಿ, ಅದೇ ಗೇಣಿದಾರರಿಂದ. ಅದಾಗಿ ಹತ್ತು ಹನ್ನೆರಡು ವರ್ಷಕ್ಕೆ ನೀರು ಬಂತು. 'ಉಳುವವನೇ ಹೊಲದೊಡೆಯ' ಕಾನೂನು ಗಟ್ಟಿಯಾಗಿದ್ದು 1974ರಲ್ಲಿ. ಅಂದ್ರೆ ನೀರು ಬಂದಾಗ ಪಹಣಿ ಒಡೆಯರ ಹೆಸರಲ್ಲಿತ್ತು, ಬೆವರು ಗೇಣಿದಾರರದ್ದಿತ್ತು. ನನ್ನ ಅಜ್ಜ ಗೇಣಿದಾರ. ಅವನ ಕೈಗೆ ಪರಿಹಾರ ಅಂತ ಏನು ಬಂತು ಅಂತ ಕೇಳಿದ್ರೆ, "ಲಾರಿ ಬಾಡಿಗೆ ನಾವು ಕೊಡ್ಲಿಲ್ಲ ಮಾರಾಯ" ಅಂತಿದ್ದ. ದುಗ್ಗಜ್ಜನ ನೋವು ದೊಡ್ಡದು, ಆದರೆ ಅವನ ಕಥೆ ಹೇಳೋಕೆ ಕ್ಯಾಮೆರಾ ಇತ್ತು. ನನ್ನ ಅಜ್ಜನಂಥವರು ಆ ಸಿನಿಮಾದಲ್ಲಿ ಮೊದಲ ಅರ್ಧ ಗಂಟೆಯಲ್ಲೇ ದೋಣಿ ಹತ್ತಿ ಹೋಗ್ತಾರೆ. ಹೋದವರು ಎಲ್ಲಿಗೆ ಹೋದರು ಅಂತ ಸಿನಿಮಾ ಕೇಳಲ್ಲ.

ಈಗ 'ಖಿರ್ಬೆತ್ ಖಿಝೆ'. ಇದು ಬಂದಿದ್ದು 1949ರಲ್ಲಿ, ಇಸ್ರೇಲ್ ಹುಟ್ಟಿದ ಮಾರನೇ ವರ್ಷ. ಬರೆದ ಯಿಝ್ಹಾರ್ ಆ ನೆಲದಲ್ಲೇ ಹುಟ್ಟಿದ ಯಹೂದಿ. ಯುದ್ಧದಲ್ಲಿ ಭಾಗವಹಿಸಿದವನು, ಮುಂದೆ ಸಂಸತ್ತಿನ ಸದಸ್ಯನೂ ಆದವನು. ಹೊರಗಿನ ಟೀಕಾಕಾರ ಅಲ್ಲ, ಮನೆಯೊಳಗಿನವನು. ಕಥೆ ಇಷ್ಟೇ: ಒಂದು ತುಕಡಿಗೆ ಒಂದು ಅರಬ್ ಹಳ್ಳಿಯನ್ನ ಖಾಲಿ ಮಾಡಿಸುವ ಆದೇಶ ಬರುತ್ತೆ. ಹಳ್ಳಿಯಲ್ಲಿ ಉಳಿದಿರೋದು ಮುದುಕರು, ಹೆಂಗಸರು, ಮಕ್ಕಳು. ಅವರನ್ನ ಲಾರಿಗೆ ಹತ್ತಿಸ್ತಾರೆ. ಕಥೆ ಹೇಳುವ ಸೈನಿಕನಿಗೆ ಹೊಟ್ಟೆಯೊಳಗೆ ಸಂಕಟ. ಎರಡು ಸಾವಿರ ವರ್ಷ ದೇಶಾಂತರ ಅನುಭವಿಸಿದ ಜನ ನಾವು. ಆ ಶಬ್ದ ನಮ್ಮ ಪ್ರಾರ್ಥನೆಯಲ್ಲಿದೆ. ಈಗ ಅದನ್ನೇ ಇನ್ನೊಬ್ಬರ ಕೈಗೆ ಕೊಡ್ತಿದ್ದೀವಿ ಅಂತ ಅವನಿಗೆ ಹೊಳೆಯುತ್ತೆ. ಹೊಳೆದರೂ ಅವನು ಆದೇಶ ಮೀರಲ್ಲ. ಹತ್ತಿಸೋ ಕೆಲಸ ಮುಗಿಯುತ್ತೆ, ಕಣಿವೆ ಸುಮ್ಮನಾಗುತ್ತೆ.

'ಖಿರ್ಬೆತ್' ಅಂದ್ರೆ ಅರಬ್ಬಿಯಲ್ಲಿ ಹಾಳುಬಿದ್ದ ಜಾಗ. ನಮ್ಮಲ್ಲಿ ಊರುಗಳಿಗೆ 'ಹಾಳೂರು' ಅಂತಾರಲ್ಲ, ಹಾಗೆ. ನಮ್ಮ ಕಂದಾಯ ದಾಖಲೆಯಲ್ಲಿ ಜನರಿಲ್ಲದ ಊರಿಗೆ 'ಬೇಚರಾಕ್' ಅಂತ ಬರೀತಾರೆ. ಪಾರ್ಸಿ ಮೂಲದ ಶಬ್ದ, ದೀಪವಿಲ್ಲದ್ದು ಅಂತ ಅರ್ಥ. ಅರ್ಧ ಕರ್ನಾಟಕಕ್ಕೆ ದೀಪ ಹಚ್ಚೋಕೆ ಅಂತ ಮುಳುಗಿದ ಊರುಗಳು ನಮ್ಮವು. ಈ ಶಬ್ದ ಕೇಳಿದಾಗೆಲ್ಲ ನನಗೆ ನಗು ಬರುತ್ತೆ, ಅದು ಒಳ್ಳೆ ನಗುವಲ್ಲ.

ಇಸ್ರೇಲಿನಲ್ಲಿ ಈ ಪುಸ್ತಕವನ್ನ ಯಾರೂ ಬಚ್ಚಿಡಲಿಲ್ಲ, ಅದು ಹೈಸ್ಕೂಲಿನ ಪಠ್ಯಕ್ಕೂ ಬಂತು. 1978ರಲ್ಲಿ ಅದನ್ನ ಟೀವಿಗೆ ಚಿತ್ರ ಮಾಡಿದಾಗ ದೊಡ್ಡ ಗಲಾಟೆಯಾಯ್ತು. ತನ್ನ ಹುಟ್ಟಿನ ಕಲೆಯನ್ನ ತನ್ನದೇ ಭಾಷೆಯಲ್ಲಿ ಬರೆದು, ಅದನ್ನ ತನ್ನ ಮಕ್ಕಳಿಗೆ ಓದಿಸಿ, ಆಮೇಲೆ ಅದರ ಬಗ್ಗೆ ಜಗಳ ಆಡುವುದೂ ಒಂದು ಸಂಸ್ಕೃತಿಯೇ. 'ಇಸ್ರೇಲಿ ಸಂಸ್ಕೃತಿ ಅಂತ ಒಂದಿಲ್ಲ, ಎಲ್ಲ ಕದ್ದ ಮಾಲು' ಅನ್ನುವವರಿಗೆ ನಾನು ಈ ಪುಸ್ತಕ ತೋರಿಸ್ತೀನಿ. 'ಅಲ್ಲಿ ಯಾರೂ ಇರಲೇ ಇಲ್ಲ, ಖಾಲಿ ನೆಲ ಇತ್ತು' ಅನ್ನುವವರಿಗೂ ಇದೇ ಪುಸ್ತಕ ತೋರಿಸ್ತೀನಿ.

ಅದರಲ್ಲೂ ಒಂದು ಕೊರತೆ ಇದೆ. ಹಳ್ಳಿಯವರಿಗೆ ಹೆಸರಿಲ್ಲ. ಅವರು ಅಳ್ತಾರೆ, ಬೇಡ್ತಾರೆ, ಹತ್ತಿ ಹೋಗ್ತಾರೆ. ಒಬ್ಬ ತಾಯಿ ತಲೆ ಎತ್ತಿ ನಡೆಯುವುದು ಮಾತ್ರ ನೆನಪಲ್ಲಿ ಉಳಿಯುತ್ತೆ. ಇಡೀ ಪುಸ್ತಕದಲ್ಲಿ ಮಾತಾಡೋದು ಹೊರಡಿಸಿದವನ ಮನಸ್ಸಾಕ್ಷಿ. 'ದ್ವೀಪ'ದಲ್ಲಿ ಇದಕ್ಕೆ ಸರಿ ಉಲ್ಟಾ. ಹೊರಟವರಿಗೆ ಹೆಸರಿದೆ, ಮುಖ ಇದೆ. ಹೊರಡಿಸಿದವನಿಗೆ ಮುಖವೇ ಇಲ್ಲ, ನೀರು ತನ್ನಷ್ಟಕ್ಕೆ ಏರುತ್ತೆ, ಪ್ರಕೃತಿ ವಿಕೋಪ ಅನ್ನೋ ಹಾಗೆ. ಆ ನೀರನ್ನ ಏರಿಸಿದ್ದು ನಿಮ್ಮ ನಮ್ಮಂಥ ಬಿಇ ಓದಿದವರು, ನಕ್ಷೆ ಹಾಕಿ, ಲೆಕ್ಕ ಮಾಡಿ. ಅವರಲ್ಲಿ ಒಬ್ಬನಿಗಾದರೂ ಯಿಝ್ಹಾರ್‌ನ ಸೈನಿಕನಿಗೆ ಬಂದಂಥ ಸಂಕಟ ಬಂದಿತ್ತಾ? ಡಿಸೋಜ ಅವರಿಗೆ ಬಂದಿತ್ತು, ಕಾದಂಬರಿಯೇ ಸಾಕ್ಷಿ. ಸಿನಿಮಾದಲ್ಲಿ ಆ ಮೇಜಿನ ಹಿಂದಿನ ಮನುಷ್ಯ ಕಾಣಲ್ಲ.

ಎರಡರಲ್ಲೂ ಸರಿಯಾಗಿ ಕಾಣದ ಮೂರನೆಯವನೊಬ್ಬ ಇದ್ದಾನೆ. ಒಂದು ಕಡೆಯಿಂದ ಎತ್ತಿ ಹಾಕಿಸಿಕೊಂಡು, ಇನ್ನೊಬ್ಬರ ಜಾಗದಲ್ಲಿ ಬಂದು ಮನೆ ಕಟ್ಟಿದವನು. 'ಖಿರ್ಬೆತ್ ಖಿಝೆ'ಯಲ್ಲಿ ಒಬ್ಬ ಸೈನಿಕ, ಈ ಹಳ್ಳಿಗೆ ನಮ್ಮ ವಲಸಿಗರು ಬಂದು ಉಳುಮೆ ಮಾಡ್ತಾರೆ, ಚೆನ್ನಾಗಿರುತ್ತೆ ಅಂತ ಸಮಾಧಾನ ಹೇಳ್ತಾನೆ. ಆ ವಲಸಿಗ ಯಾರು, ಅವನು ಎಲ್ಲಿಂದ ಏನು ಬಿಟ್ಟು ಬಂದ ಅಂತ ಪುಸ್ತಕ ನೋಡಲ್ಲ. ಆ ಮೂರನೆಯವನನ್ನ ನಾನು ಪುಸ್ತಕದಲ್ಲಿ ಹುಡುಕಬೇಕಿಲ್ಲ. ಅವನು ನನ್ನ ಅಜ್ಜ.

ನಮ್ಮ ಕೇರಿ ಇರುವ ಜಾಗ ಮೊದಲು ಕಾಡು ಅಂತ ನಾವೆಲ್ಲ ಹೇಳ್ತೀವಿ. ಕಾಡು ಅಂದ್ರೆ ಖಾಲಿ ಅಂತ ಅರ್ಥ ಬರುತ್ತೆ. ಅಜ್ಜ ಸಾಯೋಕೆ ಎರಡು ವರ್ಷ ಮುಂಚೆ ಒಂದು ಸಂಜೆ ಜಗಲಿ ಮೇಲೆ ಕೂತು ಬೇರೆಯದ್ದೇ ಹೇಳಿದ. ಅವರು ಬಂದು ಬೇಲಿ ಹಾಕಿದ ಮೊದಲ ವರ್ಷ, ಪಕ್ಕದ ಲಂಬಾಣಿ ತಾಂಡಾದಿಂದ ಇಬ್ಬರು ಬಂದು ನಿಂತರಂತೆ. "ನಮ್ಮ ದನ ಇನ್ನು ಎಲ್ಲಿ ಮೇಯ್ಬೇಕು?" ಅಂದರಂತೆ.

"ನೀ ಏನಂದೆ ಅಜ್ಜ?"

"ಎಂತ ಹೇಳೂದು? ನಂಗೂ ಅದೇ ಪ್ರಶ್ನೆ ಇತ್ತಲ. ಸುಮ್ನಿದ್ದೆ."

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಒಂದು ಬದಿ ದಾರಿ ಬಿಟ್ಟೆ. ಅವರ ದನ ಹೋಗೂಕೆ" ಅಂದ. ಆ ದಾರಿ ಈಗಲೂ ಇದೆ. ನಾನು ಚಿಕ್ಕವನಿದ್ದಾಗ ಅದು ನಮ್ಮ ತೋಟದ ಮಧ್ಯೆ ಯಾಕೆ ಸೊಟ್ಟ ಹೋಗುತ್ತೆ ಅಂತ ಗೊತ್ತಿರಲಿಲ್ಲ.

'ಯಾರು ಮೊದಲು' ಅನ್ನೋ ಪ್ರಶ್ನೆಯ ದೊಡ್ಡ ದೋಷ ನನಗೆ ಕಾಣೋದು ಇಲ್ಲಿ. ಅದು ಮನುಷ್ಯನನ್ನ ಒಂದೇ ಪಾತ್ರದಲ್ಲಿ ನಿಲ್ಲಿಸುತ್ತೆ. ಒಂದೋ ನೀನು ಕಳಕೊಂಡವನು, ಇಲ್ಲವೋ ಕಿತ್ತುಕೊಂಡವನು. ಅಜ್ಜ ಎರಡೂ ಆಗಿದ್ದ. ಗೆಲ್ಲಬೇಕಾದರೆ ಅವನು ಅರ್ಧ ಕಥೆಯನ್ನ ಮರೀಬೇಕಿತ್ತು. ಅಪ್ಪ ಮರೆತ, ಊರಿನ ಸಭೆಗಳಲ್ಲಿ ಲಂಬಾಣಿಯವರ ದನದ ಮಾತು ಬರೋದೇ ಇಲ್ಲ. ತಾಂಡಾದವರ ಹಿರಿಯರೂ ತಾವು ಎಲ್ಲೋ ರಾಜಸ್ಥಾನದ ಕಡೆಯಿಂದ ಬಂದವರು ಅಂತ ಹಾಡಿನಲ್ಲಿ ಹೇಳಿಕೊಳ್ಳುವವರೇ.

ಇಸ್ರೇಲಿನಲ್ಲೂ ಮೂರನೆಯವರ ಕಥೆ ತುಂಬ ಇದೆ. ಅವು ಕೆಫೆಟೇರಿಯಾ ಜಗಳದಲ್ಲಿ ಬರಲ್ಲ. ಇರಾಕ್, ಯೆಮೆನ್, ಮೊರಾಕ್ಕೋಗಳಿಂದ ಬಂದ ಯಹೂದಿಗಳನ್ನ ಯುರೋಪಿನ ವಸಾಹತುಗಾರರು ಅನ್ನೋದು ಹೇಗೆ? ಅವರು ಅರಬ್ಬಿ ಮಾತಾಡಿಕೊಂಡು, ಅರಬ್ಬಿ ಹಾಡು ಹಾಡಿಕೊಂಡು ಇದ್ದವರು. ನಮ್ಮ ಪಕ್ಕದ ಕೊಚ್ಚಿಯ ಯಹೂದಿಗಳನ್ನೇ ನೋಡಿ. ಮಟ್ಟಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರದ ಹೆಸರು ಇವತ್ತಿಗೂ 'ಪರದೇಶಿ'. ನಾಲ್ಕೂವರೆ ಶತಮಾನ ಆದಮೇಲೂ ಬಾಗಿಲ ಮೇಲಿನ ಹೆಸರು ಪರದೇಶಿ! ಕೇರಳದಲ್ಲಿ ಅದಕ್ಕಿಂತಲೂ ಹಿಂದಿನಿಂದ ಇದ್ದ ಯಹೂದಿಗಳು ಬೇರೆ ಇದ್ದರು. 1950ರ ದಶಕದಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೋದರು. ಒಂದಷ್ಟು ಕುಟುಂಬಗಳು ನೆಗೆವ್ ಮರುಭೂಮಿಯ ನೆವಾತಿಮ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಅಲ್ಲಿ ಅವರು 'ಇಂಡಿಯಾದವರು' ಆದರು. ಅದೇ ನೆಗೆವ್‌ನಲ್ಲಿ ಬೆಡೂಯಿನ್ ಜನ ಇವತ್ತಿಗೂ ತಾವು ಆ ನೆಲದ ಮೂಲದವರು, ನಮ್ಮ ಹಳ್ಳಿಗಳನ್ನ ನಕ್ಷೆಯಲ್ಲಿ ತೋರಿಸಿ ಅಂತ ಕೇಳ್ತಿದ್ದಾರೆ. ಮಹಾರಾಷ್ಟ್ರದ ಬೆನೆ ಇಸ್ರೇಲ್ ಯಹೂದಿಗಳದ್ದು ಇನ್ನೊಂದು ಥರ. ಮೂಲ ನೆಲಕ್ಕೆ ಬಂದೆವು ಅಂತ ಹೋದರೆ, 1960ರ ದಶಕದ ಮೊದಲಲ್ಲಿ ಅಲ್ಲಿನ ಧರ್ಮಗುರುಗಳು ನೀವು ಪೂರ್ತಿ ಯಹೂದಿಗಳೇ ಹೌದಾ ಅಂತ ಮದುವೆ ಹೊತ್ತಲ್ಲಿ ವಂಶಾವಳಿ ಕೇಳಿದರು. ಅವರು ಬೀದಿಗಿಳಿದು ಪ್ರತಿಭಟನೆ ಮಾಡಬೇಕಾಯ್ತು. 'ಮೂಲ' ಅನ್ನೋ ಬಾಗಿಲು ತೆಗೆದರೆ ಒಳಗೆ ಇನ್ನೊಂದು ಬಾಗಿಲು, ಅಲ್ಲೂ ಒಬ್ಬ ಕಾವಲುಗಾರ.

ಯಹೂದಿಗಳಿಗೆ ಆ ನೆಲದ ಜೊತೆಗಿನ ನಂಟು ಸುಳ್ಳಲ್ಲ. ಶತಮಾನಗಳ ಕಾಲ ಮುಖ್ಯವಾಗಿ ಪ್ರಾರ್ಥನೆಗೆ, ಓದಿಗೆ ಉಳಿದಿದ್ದ ಹೀಬ್ರೂವನ್ನ ಮತ್ತೆ ತರಕಾರಿ ಮಾರುವ ಭಾಷೆಯಾಗಿ ಮಾಡಿದ್ದು ಸಣ್ಣ ಸಾಧನೆಯಲ್ಲ. ಕನ್ನಡದ ಬಗ್ಗೆ ಚಿಂತೆ ಮಾಡುವ ನಾವು ಅದನ್ನ ಹೊಟ್ಟೆಕಿಚ್ಚಿನಿಂದಲೇ ನೋಡಬೇಕು. ಪ್ಯಾಲೆಸ್ತೀನಿಯರ ನಂಟೂ ಸುಳ್ಳಲ್ಲ. ಆಲಿವ್ ಮರದ ವಯಸ್ಸನ್ನ ತಾತನ ಹೆಸರಿನಿಂದ ಎಣಿಸುವವರಿಗೆ ನೀವು ಆಮೇಲೆ ಬಂದವರು ಅಂತ ಹೇಳೋಕೆ ಯಾರಿಗೂ ಮುಖ ಇಲ್ಲ. ಎರಡೂ ನಿಜ. ಆದರೆ ನನ್ನ ಬೇರು ನಿಜ ಅನ್ನೋದರಿಂದ, ನಿನ್ನನ್ನ ಎಬ್ಬಿಸಬಹುದು ಅನ್ನೋದು ಹುಟ್ಟಲ್ಲ. ಜಗಳದಲ್ಲಿ ಎಲ್ಲರೂ ಆ ಒಂದು ಹೆಜ್ಜೆಯನ್ನ ಸದ್ದಿಲ್ಲದೆ ದಾಟಿಬಿಡ್ತಾರೆ.

ಇಲ್ಲಿ ಪಾಪಾಸುಕಳ್ಳಿಯ ಮಾತು. ಇಸ್ರೇಲಿನಲ್ಲಿ ಅಲ್ಲೇ ಹುಟ್ಟಿದ ಯಹೂದಿಗಳಿಗೆ 'ಸಬ್ರಾ' ಅಂತಾರೆ. ಹೊರಗೆ ಮುಳ್ಳು, ಒಳಗೆ ಸಿಹಿ ಹಣ್ಣು. ನೆಲದ ಮಗ ಅನ್ನೋದಕ್ಕೆ ಅದು ಗುರುತು. ಪ್ಯಾಲೆಸ್ತೀನಿಯರಿಗೂ ಅದೇ ಗಿಡ ಗುರುತು. ಅರಬ್ಬಿಯಲ್ಲಿ ಅದರ ಹೆಸರು ತಾಳ್ಮೆ ಅನ್ನುವ ಶಬ್ದಕ್ಕೆ ನಂಟು. ಹಳ್ಳಿಗಳ ಸುತ್ತ ಬೇಲಿಗೆ ಅದನ್ನ ಹಾಕ್ತಿದ್ರು. ಮನೆಗಳನ್ನ ನೆಲಸಮ ಮಾಡಿದ ಮೇಲೂ ಬೇಲಿ ಮತ್ತೆ ಚಿಗುರುತ್ತೆ. ಎಲ್ಲಿ ಆ ಗಿಡದ ಸಾಲು ಕಾಣುತ್ತೋ ಅಲ್ಲಿ ಒಂದು ಊರಿತ್ತು ಅಂತ ಲೆಕ್ಕ. ಗೂಗಲ್ ಮಾಡಿ ಆ ಗಿಡದ ಫೋಟೋ ನೋಡಿದಾಗ ನಾನು ಬೆಚ್ಚಿದೆ. ಅದು ನಮ್ಮ ಪಾಪಾಸುಕಳ್ಳಿಯ ಜಾತಿಯದ್ದೇ! ಭದ್ರಾವತಿಯಿಂದ ತರೀಕೆರೆ ಕಡೆ ಹೋಗ್ತಾ ಹೊಲದ ಬದುವಿನಲ್ಲಿ ಇರುತ್ತಲ್ಲ, ಹಣ್ಣು ತಿಂದರೆ ನಾಲಿಗೆ ಕೆಂಪಾಗಿ, ಬೆರಳಿಗೆ ಸಣ್ಣ ಮುಳ್ಳು ಹೊಕ್ಕಿ ಅಮ್ಮನ ಹತ್ರ ಬೈಸಿಕೊಳ್ತಿದ್ದೆವಲ್ಲ, ಅದೇ.

ಆ ಕುಲದ ಗಿಡಗಳ ತವರು ಎರಡೂ ಕಡೆಯಲ್ಲ, ಅಮೆರಿಕ ಖಂಡ. ಕೊಲಂಬಸ್ ಆದಮೇಲೆ ಸ್ಪೇನಿನವರ ಮೂಲಕ ಮೆಡಿಟರೇನಿಯನ್ ಕಡೆ ಹೋಯ್ತು. ಇಂಡಿಯಾದಲ್ಲಿ ಕೆಂಪು ಬಣ್ಣ ಕೊಡುವ ಹುಳು ಸಾಕೋಕೆ ಅಂತ ಕಂಪನಿ ಕಾಲದಲ್ಲಿ ಈ ಕಳ್ಳಿಗಳನ್ನ ಬೆಳೆಸಿದರು. ಒಂದೇ ನೆಲಕ್ಕೆ ಬಡಿದಾಡುವ ಇಬ್ಬರೂ 'ಇದು ನನ್ನ ಮಣ್ಣಿನ ಗುರುತು' ಅಂತ ಎದೆಗೆ ಒತ್ತಿಕೊಂಡಿರೋದು ವಲಸೆ ಬಂದ ಗಿಡವನ್ನ. ಇದನ್ನ ತಮಾಷೆಗೆ ಹೇಳ್ತಿಲ್ಲ. ನಾಲ್ಕು ನೂರು ವರ್ಷ ಒಂದು ಹಳ್ಳಿಯ ಬೇಲಿಯಾಗಿದ್ದ ಗಿಡ ಆ ಹಳ್ಳಿಯದ್ದೇ. ಅದರ ಹುಟ್ಟೂರು ಬೇರೆ ಅನ್ನೋದು ಸಸ್ಯಶಾಸ್ತ್ರದ ಮಾತು, ಹಕ್ಕಿನ ಮಾತಲ್ಲ.

ನಮ್ಮ ಭದ್ರಾವತಿಯೂ ಅಂಥದ್ದೇ ಊರು. ಮೊದಲಿನ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ, ಹಾಗಾಗಿ ಊರು ಹಳೆಯದೇ. ಆದರೆ ಇವತ್ತಿನ ಭದ್ರಾವತಿಯನ್ನ ಮಾಡಿದ್ದು 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್. ಕೆಲಸಕ್ಕೆ ತಮಿಳರು ಬಂದರು, ತೆಲುಗರು, ಮಲಯಾಳಿಗಳು ಬಂದರು, ಬಯಲುಸೀಮೆಯವರು ಬಂದರು. ಕಾಗದನಗರದ ಕ್ವಾರ್ಟರ್ಸಿನ ಒಂದೇ ಸಾಲಿನಲ್ಲಿ ನಾಲ್ಕು ಭಾಷೆಯ ಬೈಗುಳ ಕಲಿತವನು ನಾನು. ಕಬ್ಬಿಣದ ಕಾರ್ಖಾನೆಗೆ ಹೆಸರಿರೋದು ವಿಶ್ವೇಶ್ವರಯ್ಯನವರದ್ದು. ಮದರಾಸಿನ ಅಧಿಕಾರಿಗಳ ವಿರುದ್ಧ 'ಮೈಸೂರು ಮೈಸೂರಿಗರಿಗೆ' ಅನ್ನೋ ಕೂಗು ಎದ್ದಿದ್ದ ಕಾಲದಲ್ಲಿ ದಿವಾನರಾದವರು. ಹುಟ್ಟಿದ್ದು ಮುದ್ದೇನಹಳ್ಳಿ. ಹೆಸರಿನ ಮೊದಲಿಗೆ ಇರುವ ಮೋಕ್ಷಗುಂಡಂ ಮಾತ್ರ ಆಂಧ್ರದ ಊರು, ಅವರ ಹಿರಿಯರು ಬಂದ ಊರು. ನಮ್ಮೂರಿನ ದೊಡ್ಡ ಗೇಟಿನ ಮೇಲೇ ವಲಸೆಯ ಕಥೆ ಇದೆ, ನಾವು ಓದಲ್ಲ ಅಷ್ಟೇ.

ನಾನೂ ಓದಿರಲಿಲ್ಲ. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಕೆಲಸದಲ್ಲಿ ಮೀಸಲಾತಿ ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಎರಡೇ ದಿನಕ್ಕೆ ತಡೆಹಿಡಿಯಿತಲ್ಲ, ಆಗ ನಾನೂ ಒಂದು ಪೋಸ್ಟ್ ಹಾಕಿದ್ದೆ. 'ನಮ್ಮ ನೆಲ, ನಮ್ಮ ಕೆಲಸ. ಬಂದವರು ಬಂದವರ ಹಾಗೆ ಇರಲಿ' ಅಂತ. ನೂರಾರು ಲೈಕ್ ಬಂತು. ರಾತ್ರಿ ಹತ್ತಕ್ಕೆ ಕಾಗದನಗರದ ಗೆಳೆಯನ ಫೋನ್. ಅವನ ತಾತ ತಮಿಳುನಾಡಿನಿಂದ ಕಬ್ಬಿಣದ ಕಾರ್ಖಾನೆಗೆ ಬಂದವರು. ಅಪ್ಪ ಪೇಪರ್ ಮಿಲ್ಲಿನಲ್ಲಿದ್ದರು, 2015ರಲ್ಲಿ ಉತ್ಪಾದನೆ ನಿಂತಾಗ ಮನೆಯಲ್ಲಿ ಒಲೆಯೂ ನಿಂತಿತು. ಹೈಸ್ಕೂಲಿನಲ್ಲಿ ಕನ್ನಡ ಪ್ರಬಂಧಕ್ಕೆ ಮೊದಲ ಬಹುಮಾನ ಪ್ರತಿ ಸಲ ಅವನಿಗೇ, ನನಗೆ ಎರಡನೆಯದು.

"ಮಗಾ, ನಿನ್ನ ಲಿಸ್ಟಲ್ಲಿ ನಾನು ಯಾವ ಕಡೆ?" ಅಂದ.

"ಲೋ, ನಿನ್ನ ಬಗ್ಗೆ ಅಲ್ವೋ. ಇಲ್ಲೇ ಹುಟ್ಟಿ, ಹದಿನೈದು ವರ್ಷ ಇದ್ದು ಕನ್ನಡ ಬಂದ್ರೆ ಅವರೂ ಸ್ಥಳೀಯರೇ ಅಂತ ಮಸೂದೆಯಲ್ಲೇ ಇದೆ" ಅಂದೆ.

"ಮಸೂದೇಲಿ ಇದೆ. ನಿನ್ನ ಪೋಸ್ಟಲ್ಲಿ ಇಲ್ವಲ್ಲ. ಅಲ್ಲಿ ಇರೋದು 'ಬಂದವರು'. ನಿಮ್ಮನ್ನೂ ನಮ್ಮ ಬೀದೀಲಿ ಮುಳುಗಡೆಯವರು ಅಂತಿದ್ರು, ನೆನಪಿದ್ಯಾ?"

ನೆನಪಿತ್ತು. ಪೋಸ್ಟ್ ತೆಗೆದೆ. ತೆಗೆದಿದ್ದರಿಂದ ದೊಡ್ಡ ಉಪಕಾರವೇನೂ ಆಗಲಿಲ್ಲ, ಅವನು ಓದಿ ಆಗಿತ್ತು. ಸ್ಥಳೀಯರಿಗೆ ಕೆಲಸ ಬೇಕು ಅನ್ನೋ ಮಾತನ್ನ ನಾನು ಇವತ್ತಿಗೂ ಬಿಟ್ಟಿಲ್ಲ. ಆದರೆ ಇಲ್ಲಿ ಬಾಳಿದ್ದಾನಾ, ಇಲ್ಲಿನ ಮಾತು ಕಲಿತಿದ್ದಾನಾ ಅಂತ ಕೇಳೋದು ಬೇರೆ. ಅವನ ತಾತ ಎಲ್ಲಿಂದ ಬಂದ ಅಂತ ಕೇಳೋದು ಬೇರೆ. ಮೊದಲನೆಯದಕ್ಕೆ ಮನುಷ್ಯ ಏನಾದರೂ ಮಾಡಿ ಉತ್ತರ ಕೊಡಬಹುದು. ಎರಡನೆಯದಕ್ಕೆ ಅವನು ಏನು ಮಾಡಿದರೂ ಉತ್ತರ ಬದಲಾಗಲ್ಲ.

ಹಾಗಾದ್ರೆ 'ಮೂಲನಿವಾಸಿ' ಅನ್ನೋ ಶಬ್ದವನ್ನೇ ಎಸೆದುಬಿಡೋಣವಾ? ಕೆಲವರು ಹಾಗೆ ಹೇಳ್ತಾರೆ: ಎಲ್ಲರೂ ಎಲ್ಲಿಂದಲೋ ಬಂದವರೇ, ಬಿಡಿ. ಕೇಳೋಕೆ ಉದಾರವಾಗಿದೆ. ಆದರೆ ಇದರ ಲಾಭ ಯಾರಿಗೆ ನೋಡಿ. 2007ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕಿನ ಘೋಷಣೆಯನ್ನ ಅಂಗೀಕರಿಸಿತು, 144 ದೇಶಗಳ ಮತ ಬಿತ್ತು. ಭಾರತವೂ ಪರವಾಗಿಯೇ ಮತ ಹಾಕಿತು. ಆದರೆ ನಮ್ಮ ದೇಶದ ನಿಲುವು, ಭಾರತೀಯರೆಲ್ಲರೂ ಮೂಲನಿವಾಸಿಗಳೇ ಅನ್ನೋದು. ಎಲ್ಲರೂ ಮೂಲನಿವಾಸಿಗಳಾದರೆ, ಕಾಗದವೇ ಇಲ್ಲದ ಹಸಲರು, ಸೋಲಿಗರು, ಜೇನುಕುರುಬರು ತಮ್ಮ ಕಾಡಿನ ಬಗ್ಗೆ ವಿಶೇಷವಾಗಿ ಏನು ಕೇಳೋಕೆ ಸಾಧ್ಯ? ಬಲ ಇಲ್ಲದವನು ತನ್ನನ್ನ ಎಬ್ಬಿಸಬೇಡಿ ಅನ್ನೋಕೆ ಹಿಡಿಯುವ ಶಬ್ದ ಅದು. ಅವನ ಕೈಯಲ್ಲಿ ಅದು ಇರಬೇಕು. ಬಲ ಇರುವವನು ಇನ್ನೊಬ್ಬನನ್ನ ಎಬ್ಬಿಸೋಕೆ ಅದೇ ಶಬ್ದ ಹಿಡಿದಾಗ ನಾವು ಎದ್ದು ನಿಂತು ಕೇಳಬೇಕು.

ಶಬ್ದ ತಪ್ಪು ಕೈಗೆ ಹೋದಾಗ ಏನಾಗುತ್ತೆ ಅನ್ನೋದು ನಮ್ಮ ಮನೆಯ ಟ್ರಂಕಿನಲ್ಲಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಒಳ್ಳೆಯ ಉದ್ದೇಶದ್ದು, ಕಾಡಿನ ಜನಕ್ಕೆ ಆದ ಚಾರಿತ್ರಿಕ ಅನ್ಯಾಯ ಸರಿಮಾಡೋಕೆ ಬಂದಿದ್ದು. ಪರಿಶಿಷ್ಟ ಪಂಗಡದವರಲ್ಲದ 'ಇತರ ಪಾರಂಪರಿಕ ಅರಣ್ಯವಾಸಿ'ಗಳಿಗೆ ಅದರಲ್ಲಿ ಒಂದು ಷರತ್ತು: 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ತಲೆಮಾರಿಗೆ 25ರಂತೆ 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕು. ಅಂದ್ರೆ 1930ರಿಂದ. ನಮ್ಮನ್ನ ಸರ್ಕಾರವೇ ಲಾರಿಯಲ್ಲಿ ತಂದು ಇಳಿಸಿದ್ದು 1960ರ ದಶಕದಲ್ಲಿ. 1930ರಲ್ಲಿ ನನ್ನ ಮುತ್ತಜ್ಜ ಇದ್ದ ಊರಿನ ಪುರಾವೆ ಬೇಕಾದರೆ ಮುಳುಗುತಜ್ಞರನ್ನ ಕರೀಬೇಕು! ಶರಾವತಿ ಸಂತ್ರಸ್ತರಿಗೆ ಜಮೀನು ಕೊಡೋಕೆ ಅಂತ ರಾಜ್ಯ ಹೊರಡಿಸಿದ ಡಿನೋಟಿಫಿಕೇಷನ್ ಆದೇಶಗಳೂ, ಕೇಂದ್ರದ ಅನುಮತಿ ಇರಲಿಲ್ಲ ಅನ್ನೋ ಕಾರಣಕ್ಕೆ ಕೋರ್ಟಿನಲ್ಲಿ ನಿಲ್ಲಲಿಲ್ಲ.

ಅಪ್ಪ ಅರ್ಜಿ ಹಾಕಿದ್ದ. ಒಂದು ಕಚೇರಿಯಲ್ಲಿ ಅವನಿಗೆ ಹೇಳಿದ್ದು, "ಜೆರಾಕ್ಸ್ ನಡೆಯಲ್ಲ, ಮೂಲ ದಾಖಲೆ ತನ್ನಿ." ಅಪ್ಪ ಮನೆಗೆ ಬಂದು ಟ್ರಂಕು ತೆಗೆದ. ಹಳೆಯ ರೇಷನ್ ಕಾರ್ಡ್, ಅಜ್ಜನಿಗೆ ಬಂದ ಒಂದು ನೋಟಿಸು, ನನ್ನ ಬಿಇ ಮಾರ್ಕ್ಸ್ ಕಾರ್ಡು ಇತ್ತು. ಅಷ್ಟೇ.

ಅಜ್ಜನನ್ನ ಒಂದು ಬೇಸಿಗೆ ಸಿಗಂದೂರಿಗೆ ಕರಕೊಂಡು ಹೋಗಿದ್ದೆವು. ಲಾಂಚಿನಲ್ಲಿ ಹಿನ್ನೀರು ದಾಟುವಾಗ ಅವನು ಕಟಕಟೆ ಹಿಡಿದು ನೀರಿನ ಕಡೆ ಕೋಲು ಚಾಚಿ, "ಅಲ್ಲಿ ಗದ್ದೆ ಬಯಲು" ಅಂದ. ಪಕ್ಕದಲ್ಲಿದ್ದ ಟೂರಿಸ್ಟ್ ಹುಡುಗ ಅದೇ ಕಡೆ ತಿರುಗಿ ಸೆಲ್ಫಿ ತಗೊಂಡ. ಅಜ್ಜನಿಗೆ ಅದರಿಂದ ಬೇಜಾರಾಗಲಿಲ್ಲ. ವಾಪಸ್ ಬರ್ತಾ, "ನೀರು ಇಳಿದ್ರೆ ನೀ ಮತ್ತೆ ಅಲ್ಲಿಗೆ ಹೋಗ್ತೀಯಾ ಅಜ್ಜ?" ಅಂದೆ. ಸ್ವಲ್ಪ ಯೋಚನೆ ಮಾಡಿ, "ಈಗ ಅಲ್ಲಿ ಮೀನು ಹಿಡಿಯೋರು ಇದ್ದಾರಲ, ಅವ್ರು ಎಲ್ಲಿಗೆ ಹೋಗ್ತಾರೆ?" ಅಂದ.

ಕಾಸರವಳ್ಳಿಯ ಸಿನಿಮಾದಲ್ಲಿ, ಯಿಝ್ಹಾರ್‌ನ ಪುಸ್ತಕದಲ್ಲಿ ನಾನು ಹುಡುಕಿದ್ದು ಈ ಒಂದು ಸಾಲನ್ನ. ಎರಡೂ ದೊಡ್ಡ ಕೃತಿಗಳು, ಇನ್ನೊಮ್ಮೆ ನೋಡ್ತೀನಿ, ಇನ್ನೊಮ್ಮೆ ಓದ್ತೀನಿ. ಕಳಕೊಂಡವನ ನೋವು ಒಂದರಲ್ಲಿದೆ, ಕಿತ್ತುಕೊಂಡವನ ನಾಚಿಕೆ ಇನ್ನೊಂದರಲ್ಲಿದೆ. ಕಳಕೊಂಡವನು ಇನ್ನೊಬ್ಬನಿಗೆ ದಾರಿ ಬಿಡುವ ಕಥೆಯನ್ನ ಯಾರಾದರೂ ಬರೀಬೇಕು, ಕನ್ನಡದಲ್ಲೋ, ಹೀಬ್ರೂವಿನಲ್ಲೋ, ಅರಬ್ಬಿಯಲ್ಲೋ.

ಆ ಹೊಸ ಹುಡುಗಿಗೆ ಮುಂದಿನ ವಾರ ನಾನೇ ಹೇಳಿದೆ: "ಅವತ್ತು ಕೇಳಿದ್ರಲ್ಲ, ಮೂಲ ಅಲ್ಲೇನಾ ಅಂತ. ನಾವು ಮುಳುಗಡೆಯವರು." ಅವಳಿಗೆ ಆ ಶಬ್ದ ಗೊತ್ತಿರಲಿಲ್ಲ. ಊಟ ಮುಗಿಯೋವರೆಗೂ ಹೇಳಿದೆ, ಲಂಬಾಣಿಯವರ ದನದ ದಾರಿಯನ್ನೂ ಸೇರಿಸಿ. ಅರ್ಧ ಕಥೆ ಹೇಳಬಾರದು ಅಂತ ತೀರ್ಮಾನ ಮಾಡಿದ್ದೆ.